ನೆಂಟರನ್ನು ಬೇಕಲಕ್ಕೆ ಮಾತ್ರ ಕರೆದುಕೊಂಡು ಹೋಗಬೇಡಿ

(ಕಾಸರಗೋಡಿನ ಓದುಗರ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಓಟವನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕುಳಿತವರಲ್ಲಿ ಹೆಚ್ಚಿನವರ ಮನೆಗೆ ರಜೆಯಲ್ಲಿ ಬೆಂಗಳೂರಿನಿಂದಲೋ ಮೈಸೂರಿನಿಂದಲೋ ನೆಂಟರು ಬರುತ್ತಾರೆ. ಬಂದ ಮರುದಿನ ಬೆಳಿಗ್ಗೆಯೇ ಪ್ರಶ್ನೆ: ನಿಮ್ಮಲ್ಲಿ ನೋಡಲಿಕ್ಕೆ ಏನಿದೆ? ನಮ್ಮ ಉತ್ತರವೂ ಸಿದ್ಧ. ಬೇಕಲ ಕೋಟೆ. ಅಲ್ಲಿಗೆ ಹೋಗಿ, ಫೋಟೋ ತೆಗೆದು, ಎಳನೀರು ಕುಡಿದು, ದಾರಿಯಲ್ಲಿ ಮಧೂರಿಗೆ ಕೈಮುಗಿದು ಸಂಜೆಗೆ ವಾಪಸು. ಅಲ್ಲಿಗೆ ಕಾಸರಗೋಡು ಮುಗಿಯಿತು.

ಬೇಕಲದ ಮೇಲೆ ನನಗೆ ಸಿಟ್ಟಿಲ್ಲ. ಅದು ನಿಜಕ್ಕೂ ದೊಡ್ಡ ಕೋಟೆ, ಕೇರಳದಲ್ಲೇ ಅತಿ ದೊಡ್ಡದು. ಸುಮಾರು 40 ಎಕರೆ ಜಾಗ. ಆದರೆ ಅಲ್ಲಿಗೆ ಹೋದವರು ನೋಡುವುದು ಸಮುದ್ರವನ್ನು. ಕೋಟೆ ಬರೀ ನಿಂತುಕೊಳ್ಳುವ ಜಾಗ ಆಗಿಬಿಡುತ್ತದೆ. ಒಂದು ಸಲ ಸಮುದ್ರಕ್ಕೆ ಬೆನ್ನು ಹಾಕಿ ಗೋಡೆಯನ್ನು ನೋಡಿ ಅಂತ ನಾನು ಹೇಳುವುದು. ಆ ಗೋಡೆಯ ಕಲ್ಲು ನಿಮ್ಮ ಮನೆಯ ಗೋಡೆಯಲ್ಲಿದೆ, ತೋಟದ ಕಟ್ಟದಲ್ಲಿದೆ, ಬಾವಿಯ ಒಳಗಿದೆ, ದೇವಸ್ಥಾನದ ಅಂಗಳದ ಸುತ್ತ ಇದೆ. ನಮ್ಮ ಮುರಕಲ್ಲು, ಬೇರೆ ಕಡೆಯವರು ಜಂಬಿಟ್ಟಿಗೆ ಎನ್ನುವ ಕೆಂಪು ಕಲ್ಲು. ಇವತ್ತು ನಾನು ಮಾತಾಡುವುದು ಅದರ ಬಗ್ಗೆಯೇ. ಈ ಕಲ್ಲನ್ನೂ ಅದರೊಳಗಿನ ನೀರನ್ನೂ ಹಿಂಬಾಲಿಸಿದರೆ ನಮ್ಮ ಜಿಲ್ಲೆಯ ಕೋಟೆ, ದೇವಸ್ಥಾನ, ಗುಡ್ಡ ಎಲ್ಲ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಅಷ್ಟು ಮಾತಾಡುವುದಿಲ್ಲ.

ಕಲ್ಲು ಹೇಗಾಯಿತು ಎಂದು ಸ್ವಲ್ಪ ಹೇಳುತ್ತೇನೆ. ಸೆಕೆ ಜಾಸ್ತಿ, ಮಳೆ ಜಾಸ್ತಿ ಇರುವ ಕಡೆ ಬಂಡೆ ಲಕ್ಷಾಂತರ ವರ್ಷ ನೆನೆದು ಒಣಗಿ ಶಿಥಿಲವಾಗುತ್ತದೆ. ಅದರೊಳಗಿನ ಸಿಲಿಕಾ ನೀರಿನ ಜೊತೆ ತೊಳೆದುಹೋಗುತ್ತದೆ. ಕಬ್ಬಿಣ, ಅಲ್ಯೂಮಿನಿಯಂ ಅಂಶ ಉಳಿಯುತ್ತದೆ. ಕೆಂಪು ಬಣ್ಣ ಕಬ್ಬಿಣದ್ದು. ನೆಲದೊಳಗೆ ಇರುವಾಗ ಅದು ಮೆತ್ತಗೆ. ಬೆಲ್ಲದ ಅಚ್ಚಿನ ಹಾಗೆ ಕೊಡಲಿಯಲ್ಲಿ ಕಡಿದು ಚೌಕ ಮಾಡಬಹುದು. ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಟಿಪ್ಪು ಸತ್ತ ಮೇಲೆ ಕಂಪೆನಿ ಸರಕಾರ ಹೊಸದಾಗಿ ಕೈಗೆ ಬಂದ ಸೀಮೆಯನ್ನು ನೋಡಿಕೊಂಡು ಬರಲಿಕ್ಕೆ ಫ್ರಾನ್ಸಿಸ್ ಬುಕಾನನ್ ಎಂಬ ಡಾಕ್ಟರನ್ನು ಕಳಿಸಿತು. ಅವನು ಮಲಬಾರಿನ ಅಂಗಾಡಿಪುರಂನಲ್ಲಿ ಈ ಕಲ್ಲು ನೋಡಿ ಇದೇ ಗುಣವನ್ನು ಬರೆದಿಟ್ಟ. 1807ರಲ್ಲಿ ಅದು ಅಚ್ಚಾಯಿತು. ಈ ಕಲ್ಲಿನ ಬಗ್ಗೆ ವಿಜ್ಞಾನದ ಬರವಣಿಗೆ ಶುರುವಾದದ್ದೇ ಅಲ್ಲಿಂದ. ಅದೇ ಬುಕಾನನ್ 1801ರ ಆರಂಭದಲ್ಲಿ ನಮ್ಮ ಕರಾವಳಿಯ ದಾರಿಯಲ್ಲೇ ಮಂಗಳೂರಿಗೆ ಹೋದ. ನಮ್ಮ ಕಲ್ಲು ಕಡಿಯುವವರಿಗೆ ಅವನು ಹೇಳಿದ್ದರಲ್ಲಿ ಹೊಸದೇನೂ ಇರಲಿಲ್ಲ, ಅದು ಬೇರೆ ವಿಷಯ.

ಈಗ ಕೋಟೆಗೆ ಬನ್ನಿ. ಇಕ್ಕೇರಿಯ ಶಿವಪ್ಪ ನಾಯಕ ಬೇಕಲ ಕೋಟೆ ಕಟ್ಟಿಸಿದ್ದು 1650ರ ಸುಮಾರಿಗೆ. ಚಂದ್ರಗಿರಿಯದ್ದೂ ಅವನ ಕಾಲದ್ದೇ. ಹೊಸದುರ್ಗದ್ದು ಇಕ್ಕೇರಿಯ ಸೋಮಶೇಖರ ನಾಯಕನದ್ದು. ಘಟ್ಟದ ಮೇಲಿನ ಅರಸರು ಕರಾವಳಿಯುದ್ದಕ್ಕೂ ಒಂದರ ಹಿಂದೆ ಒಂದು ಕೋಟೆ ಕಟ್ಟಲಿಕ್ಕೆ ಸಾಧ್ಯವಾದದ್ದು ಹೇಗೆ? ಅಧಿಕಾರ ಇತ್ತು, ಕರಿಮೆಣಸಿನ ದುಡ್ಡು ಇತ್ತು, ಸರಿ. ಜೊತೆಗೆ ಕಾಲ ಕೆಳಗೇ ಕಲ್ಲು ಇತ್ತು. ದೂರದಿಂದ ಹೊತ್ತು ತರಬೇಕಾಗಿರಲಿಲ್ಲ. ಅಗೆದ ಕಡೆ ಕಂದಕ, ಅಗೆದು ತೆಗೆದದ್ದು ಗೋಡೆ.

1763ರಲ್ಲಿ ಹೈದರ್ ಅಲಿ ಇಕ್ಕೇರಿಯವರಿಂದ ಈ ಸೀಮೆ ಕಿತ್ತುಕೊಂಡ. 1799ರ ನಂತರ ಬ್ರಿಟಿಷರು ಬಂದರು. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಬೇಕಲ ಎಂದೇ ಒಂದು ತಾಲೂಕು ಇತ್ತು. ತಾಲೂಕು ಕೇಂದ್ರ ಕಾಸರಗೋಡಿಗೆ ಬಂದ ಮೇಲೆ ಬೇಕಲದ ಪೇಟೆ ಸೊರಗಿತು. ನೀವು ಕೋಟೆಗೆ ಹೋದರೆ ಬಾಗಿಲ ಹತ್ತಿರದ ಮುಖ್ಯಪ್ರಾಣ ದೇವಸ್ಥಾನ ನೋಡುತ್ತೀರಿ, ಹತ್ತಿರದಲ್ಲೇ ಮಸೀದಿ ಇದೆ. ಒಳಗೆ ಮೆಟ್ಟಿಲಿರುವ ಕೆರೆ, ಮದ್ದಿನ ಮನೆ, ಎತ್ತರದ ವೀಕ್ಷಣಾ ಗೋಪುರ. ಆ ಕೆರೆಯ ಅಂಚಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಮೂರು ಕಡೆ ಉಪ್ಪುನೀರಿನ ನಡುವೆ ಒಂದು ಪಡೆಗೆ ಕುಡಿಯುವ ನೀರು ಬೇಕಲ್ವಾ? ಗೋಡೆಯಷ್ಟೇ ಮುಖ್ಯ ಅದು.

ಬೇಕಲದಲ್ಲಿ ಜನ ಜಾಸ್ತಿ ಅನ್ನಿಸಿದರೆ ಚಂದ್ರಗಿರಿ ಕೋಟೆಗೆ ಹೋಗಿ. ಚಿಕ್ಕದು, ಅರ್ಧ ಬಿದ್ದಿದೆ. ಅಲ್ಲಿ ನಿಂತರೆ ಪಯಸ್ವಿನಿ, ಅಂದರೆ ಚಂದ್ರಗಿರಿ ಹೊಳೆ, ಸಮುದ್ರ ಸೇರುವ ಕಡೆ ಕಾಣುತ್ತದೆ. ಕೊಡಗಿನಲ್ಲಿ ಹುಟ್ಟಿ, ಸುಳ್ಯ ದಾಟಿ ಬರುವ ನೀರು ಅದು. ಹಳಬರು ತುಳುನಾಡಿನ ತೆಂಕಣ ಗಡಿ ಎಂದು ಹೇಳುತ್ತಿದ್ದದ್ದೂ ಇದೇ ಹೊಳೆಯನ್ನು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದ ಮೇಲೆ, 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿಯ ಬಡಗು ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಎಂದಾಗಲೂ ಗೆರೆ ಇದೇ ಹೊಳೆ. ಆ ಜಗಳದ ಬಗ್ಗೆ ಇವತ್ತು ಮಾತಾಡುವುದಿಲ್ಲ. ಮಾತಾಡಿದರೆ ಊಟದ ಹೊತ್ತು ಮೀರುತ್ತದೆ.

ಇನ್ನು ದೇವರು. ಮೊದಲು ಅನಂತಪುರ. ಕುಂಬಳೆಯಿಂದ ಸ್ವಲ್ಪ ಒಳಗೆ, ಬೋಳು ಗುಡ್ಡದ ಮೇಲೆ ಹೋಗುತ್ತಾ ಇರುತ್ತೀರಿ. ಬಿಸಿಲಿಗೆ ಸುಟ್ಟ ಕಪ್ಪು ಪಾರೆ, ಅಲ್ಲೊಂದು ಇಲ್ಲೊಂದು ಗೇರು ಮರ. ಒಮ್ಮೆಲೇ ತಗ್ಗು, ಅದರಲ್ಲಿ ಕೆರೆ, ಕೆರೆಯ ಮಧ್ಯದಲ್ಲಿ ಗರ್ಭಗುಡಿ. ಕಾಲುಸೇತುವೆಯಲ್ಲಿ ದಾಟಿ ಹೋಗಬೇಕು. ತಿರುವನಂತಪುರದ ಅನಂತಪದ್ಮನಾಭನ ಮೂಲಸ್ಥಾನ ಇದು ಎಂದು ನಂಬಿಕೆ. ಕೆರೆಯ ಮೂಲೆಯಲ್ಲಿರುವ ಗುಹೆಯಲ್ಲಿ ಹೋದರೆ ತಿರುವನಂತಪುರ ತಲುಪಬಹುದಂತೆ. ಹೋಗಿ ನೋಡಿದವರು ನಮ್ಮಲ್ಲಿ ಯಾರೂ ಇಲ್ಲ. ಇಲ್ಲಿಯ ಮೂಲ ವಿಗ್ರಹಗಳು ಕಲ್ಲಿನದಲ್ಲ, ಲೋಹದ್ದೂ ಅಲ್ಲ. ಕಡುಶರ್ಕರ ಪಾಕ ಎಂಬ ಮಿಶ್ರಣದಿಂದ ಮಾಡಿದವು. ಇಂಥ ವಿಗ್ರಹಕ್ಕೆ ನೀರಿನ ಅಭಿಷೇಕ ಮಾಡುವ ಹಾಗಿಲ್ಲ. ಸುತ್ತ ನೀರು, ದೇವರಿಗೆ ಮಾತ್ರ ನೀರು ತಾಗಬಾರದು!

ಬಬಿಯಾನ ಸುದ್ದಿ ನಿಮಗೆಲ್ಲ ಗೊತ್ತು. ಕೆರೆಯ ಮೊಸಳೆ, ನೈವೇದ್ಯದ ಅನ್ನ ತಿನ್ನುತ್ತಿತ್ತು. 2022ರ ಅಕ್ಟೋಬರ್ 9ರಂದು ತೀರಿಕೊಂಡಿತು. ಆ ದಿನ ಜನ ಸೇರಿದ್ದು ನೋಡಿ ಟಿವಿಯವರು ಬೆರಗಾದರು. ಊರಿನವರಿಗೆ ಬೆರಗಾಗಲಿಲ್ಲ, ಮನೆಯ ಹಿರಿಯರು ಹೋದರೆ ಬರುವುದಿಲ್ಲವೇ? 2023ರ ನವೆಂಬರ್‌ನಲ್ಲಿ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿತು. ಬ್ರಿಟಿಷ್ ಸೈನಿಕನೊಬ್ಬ ಹಿಂದಿನ ಮೊಸಳೆಯನ್ನು ಗುಂಡಿಕ್ಕಿದ ಮೇಲೆ ಬಬಿಯಾ ಬಂದದ್ದೂ ಹೀಗೇ ಎಂದು ಹಳಬರು ಹೇಳುತ್ತಾರೆ. ನೆಂಟರ ಮಕ್ಕಳು ಕೇಳುವುದು ಮೊಸಳೆಯನ್ನೇ. ಕೇಳಲಿ. ಆದರೆ ಮೊಸಳೆ ಕಾಣದೆ ಹೋದರೆ ಬಂದದ್ದು ವ್ಯರ್ಥ ಎಂದು ಮಾಡಬೇಡಿ. ಅಷ್ಟು ಒಣಗಿದ ಗುಡ್ಡದ ಮೇಲೆ ಬೇಸಿಗೆಯಲ್ಲೂ ಬತ್ತದ ಕೆರೆ ಹೇಗೆ ಎಂದು ಅವರ ಹತ್ತಿರ ಕೇಳಿ. ಉತ್ತರ ಕಲ್ಲಿನಲ್ಲಿದೆ. ಮುರಕಲ್ಲಿನ ತುಂಬ ತೂತು. ಮೇಲೆ ಬಿದ್ದ ಮಳೆ ಇಳಿದು ಹೋಗುತ್ತದೆ. ಕೆಳಗೆ ಜೇಡಿಯ ಪದರ ಸಿಕ್ಕಿದಾಗ ಇಳಿಯಲಾಗದೆ ಅಡ್ಡ ಹರಿಯುತ್ತದೆ. ತಗ್ಗು ಸಿಕ್ಕಿದ ಕಡೆ ಒಸರಾಗಿ ಹೊರಗೆ ಬರುತ್ತದೆ.

ಮಧೂರಿನ ಕಥೆ ಬೇರೆ. ಅಲ್ಲಿ ನೀರು ಒಸರುವುದಲ್ಲ, ನುಗ್ಗುವುದು. ಮಧುವಾಹಿನಿ ಉಕ್ಕಿದಾಗ ಅಂಗಳದೊಳಗೆ ಬರುತ್ತದೆ. ಮದನಂತೇಶ್ವರ ಎಂದರೆ ಶಿವ, ಅವನೇ ಮುಖ್ಯ ದೇವರು. ಆದರೆ ಜನ ಹೋಗುವುದು ಗಣಪತಿಗೆ. ಅರ್ಚಕರ ಮನೆಯ ಹುಡುಗನೊಬ್ಬ ಆಟಕ್ಕೆ ಗರ್ಭಗುಡಿಯ ತೆಂಕು ಗೋಡೆಯಲ್ಲಿ ಗಣಪತಿಯ ಚಿತ್ರ ಬರೆದನಂತೆ. ಚಿತ್ರ ದಿನದಿನವೂ ದಪ್ಪವಾಗುತ್ತಾ ಬಂತಂತೆ. ಹುಡುಗ ಬೊಡ್ಡ ಗಣಪತಿ ಎಂದು ಕರೆದನಂತೆ. ನನಗೆ ಈ ಕಥೆ ಬಹಳ ಇಷ್ಟ. ಋಷಿ ಮುನಿಗಳು ಯಾರೂ ಇಲ್ಲ, ಸುಮ್ನೆ ಒಬ್ಬ ಹುಡುಗ. ಅಲ್ಲಿಯ ಅಪ್ಪ ಪ್ರಸಾದ ಯಾರೂ ಬಿಡುವುದಿಲ್ಲ. ಗಣಪತಿಯನ್ನೇ ಅಪ್ಪದಿಂದ ಮುಚ್ಚುವ ಮೂಡಪ್ಪ ಸೇವೆ ಅಪರೂಪದ್ದು. 1992ರಲ್ಲಿ ಒಮ್ಮೆ ನಡೆದದ್ದು, ಮತ್ತೆ ನಡೆದದ್ದು 2025ರಲ್ಲಿ. ಗುಡಿಯ ಹಿಂಭಾಗ ಆನೆಯ ಬೆನ್ನಿನಂತೆ ದುಂಡಗಿದೆ, ಗಜಪೃಷ್ಠ. ಎದುರಿನಿಂದ ಕೈಮುಗಿದು ಹೊರಟವರಿಗೆ ಇದು ಕಾಣುವುದಿಲ್ಲ. ಸುತ್ತು ಬರುವಾಗ ತಲೆ ಎತ್ತಿ. ಟಿಪ್ಪು ಕೆಡವಲು ಬಂದು, ಬಾವಿಯ ನೀರು ಕುಡಿದು ಮನಸ್ಸು ಬದಲಾಗಿ, ಹೆಸರಿಗೆ ಒಂದು ಕತ್ತಿಯ ಪೆಟ್ಟು ಹಾಕಿ ಹೋದ ಎಂದು ತೋರಿಸುವ ಗುರುತೂ ಇದೆ. ಇತಿಹಾಸವೋ ಐತಿಹ್ಯವೋ, ಅದರಲ್ಲೂ ಬಾವಿಯ ನೀರು ಬಂತು ನೋಡಿ.

ಮುಜುಂಗಾವಿನ ದೇವಸ್ಥಾನಕ್ಕೆ ತುಲಾ ಸಂಕ್ರಮಣದ ದಿನ ಹೋಗಿ. ಕೆರೆಯಲ್ಲಿ ಮುಳುಗಿ ಅಕ್ಕಿ, ಹುರುಳಿ ಅರ್ಪಿಸುತ್ತಾರೆ, ಚರ್ಮದ ಕಾಯಿಲೆ ವಾಸಿಯಾಗಲಿ ಎಂದು. ಎಡನೀರು ಮಠಕ್ಕೆ ಹೋದರೆ ಶಾಲೆಗೆ ಹೋಗುವ ಮಕ್ಕಳಿಗೆ ಒಂದು ಮಾತು ಹೇಳಿ. ಭೂಸುಧಾರಣೆ ಕಾನೂನಿನ ವಿರುದ್ಧ ಇಲ್ಲಿಯ ಕೇಶವಾನಂದ ಭಾರತಿ ಸ್ವಾಮೀಜಿ ಕೋರ್ಟಿಗೆ ಹೋದರು. 13 ನ್ಯಾಯಾಧೀಶರು ಕೂತು ಕೇಳಿದರು. 1973ರ ಏಪ್ರಿಲ್ 24ರಂದು 7–6ರ ಅಂತರದಲ್ಲಿ ತೀರ್ಪು ಬಂತು. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಬದಲಿಸುವ ಹಾಗಿಲ್ಲ ಎಂದು. ದೇಶದ ಯಾವ ಲಾ ಕಾಲೇಜಿನಲ್ಲೂ ಆ ಹೆಸರು ಹೇಳದೆ ಪಾಠ ಮುಗಿಯುವುದಿಲ್ಲ. ನಮ್ಮವರು ಮಾತ್ರ ಎಡನೀರು ಅಂದರೆ ಯಕ್ಷಗಾನ ಎನ್ನುತ್ತಾರೆ. ಅದೂ ಸರಿಯೇ, ಸ್ವಾಮೀಜಿಗೂ ಅದರ ಹುಚ್ಚು ಇತ್ತು.

ತಳಂಗರೆಯ ಮಾಲಿಕ್ ದೀನಾರ್ ಮಸೀದಿಯನ್ನು ನಮ್ಮ ಪಟ್ಟಿಯಲ್ಲಿ ಬಿಡುವವರೇ ಜಾಸ್ತಿ. ಕೇರಳದ ಅತಿ ಹಳೆಯ ಮಸೀದಿಗಳಲ್ಲಿ ಅದೊಂದು, ಹಿಜ್ರಿ 22ರಲ್ಲಿ ಆದದ್ದು ಎಂದು ಅಲ್ಲಿಯ ಪರಂಪರೆ. ತಳಂಗರೆ ತೊಪ್ಪಿಯೂ ಅಲ್ಲಿಯದೇ. ಮಂಜೇಶ್ವರದ ಕಡೆ ಹೋದರೆ ಉದ್ಯಾವರದ ಮಾಡ ಇದೆ. ಅರಸು ಮಂಜಿಷ್ಣಾರ್ ದೈವಗಳ ಜಾಗ. ಜಾತ್ರೆಗೆ ಮುಂಚೆ ಮಾಡದವರು ಸಾವಿರ ಜಮಾಅತ್ ಮಸೀದಿಗೆ ಹೋಗಿ ಕರೆದು ಬರುವ ಕ್ರಮ ಈಗಲೂ ಇದೆ. ಆರಿಕ್ಕಾಡಿಯಲ್ಲಿ ಆಲಿ ಭೂತ ಇದೆ, ಮುಸ್ಲಿಂ ದೈವ. ಇದನ್ನೆಲ್ಲ ಸೌಹಾರ್ದದ ಉದಾಹರಣೆ ಎಂದು ಭಾಷಣ ಮಾಡುವವರಿಗೆ ಅಲ್ಲಿಯವರು ನಗುತ್ತಾರೆ. ಅವರಿಗೆ ಅದು ವರ್ಷಾವಧಿಯ ಕೆಲಸ, ತಪ್ಪಿಸುವ ಹಾಗಿಲ್ಲ, ಅಷ್ಟೇ.

ಈಗ ನನಗೆ ಅತಿ ಪ್ರೀತಿಯ ವಿಷಯ. ಸುರಂಗ.

ಬಾಯಾರು, ಪೈವಳಿಕೆ, ಎಣ್ಮಕಜೆ, ಬದಿಯಡ್ಕ, ಗಡಿಯಾಚೆಯ ಮಾಣಿಲ. ಈ ಕಡೆಯ ಗುಡ್ಡಗಳ ಬುಡದಲ್ಲಿ ಒಬ್ಬ ಮನುಷ್ಯ ಹೋಗುವಷ್ಟು ಕಿಂಡಿ ಕಾಣುತ್ತದೆ. ನಮ್ಮವರಿಗೆ ಅದು ಎಷ್ಟು ರೂಢಿ ಎಂದರೆ ನೆಂಟರಿಗೆ ತೋರಿಸಬೇಕು ಎಂದೇ ಹೊಳೆಯುವುದಿಲ್ಲ. ನಾನು ಆಗ ಹೇಳಿದ ಅಡ್ಡ ಹರಿಯುವ ನೀರು ಇದೆಯಲ್ಲ, ಅದನ್ನು ಹುಡುಕಿಕೊಂಡು ಗುಡ್ಡದೊಳಗೆ ಅಡ್ಡಲಾಗಿ ಕೊರೆಯುವುದು. ಪಿಕ್ಕಾಸು, ಬುಟ್ಟಿ, ಒಂದು ದೀಪ. ದೀಪ ಮಂಕಾದರೆ ಒಳಗೆ ಗಾಳಿ ಸಾಲದು, ಹೊರಗೆ ಬರಬೇಕು. ಕೆಲವು ಹತ್ತು ಹದಿನೈದು ಮೀಟರ್, ಕೆಲವು ನೂರಾರು ಮೀಟರ್. ನೀರು ಸಿಕ್ಕಿದರೆ ತಾನಾಗಿ ಹರಿದು ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಹೊರಗೆ ಕಟ್ಟಿದ ಟ್ಯಾಂಕಿಯಲ್ಲಿ ತುಂಬಿ ಅಡಿಕೆ ತೋಟಕ್ಕೆ ಇಳಿಯುತ್ತದೆ. ಸಿಗದಿದ್ದರೆ ವರ್ಷದ ದುಡಿಮೆ ಮಣ್ಣುಪಾಲು. ಗಡಿಯಾಚೆ ಅಮೈ ಮಹಾಲಿಂಗ ನಾಯ್ಕರು ಒಂದಾದ ಮೇಲೊಂದು ಸುರಂಗ ಒಣಗಿದ್ದು ಬಂದರೂ ಒಬ್ಬರೇ ಕೊರೆಯುತ್ತಾ ಹೋಗಿ, ನೀರು ತಂದು, ಬೋಳು ಗುಡ್ಡದಲ್ಲಿ ತೋಟ ಮಾಡಿದರು. 2022ರಲ್ಲಿ ಪದ್ಮಶ್ರೀ ಬಂತು. ಕೋಟೆ ಕಟ್ಟಿದ ನಾಯಕರ ಹೆಸರು ಬೋರ್ಡಿನಲ್ಲಿದೆ. ಸುರಂಗ ಕೊರೆದವರಲ್ಲಿ ಹೆಸರು ಉಳಿದದ್ದು ಇಂಥ ಒಬ್ಬಿಬ್ಬರದ್ದು.

ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಆದರೂ ಏಪ್ರಿಲ್, ಮೇಯಲ್ಲಿ ಟ್ಯಾಂಕರ್. ಕಲ್ಲು ಕುಡಿಯುತ್ತದೆ, ಹಾಗೇ ಬಿಟ್ಟೂ ಬಿಡುತ್ತದೆ. ಸುರಂಗ ಆ ಬಿಟ್ಟ ನೀರನ್ನು ಮಾತ್ರ ತೆಗೆದುಕೊಳ್ಳುತ್ತದೆ. ಕೊಳವೆಬಾವಿ ಹಾಗಲ್ಲ, ಇನ್ನೂ ಕೆಳಗಿನದಕ್ಕೆ ಕೈ ಹಾಕುತ್ತದೆ.

ಇದೇ ಗುಣದಿಂದ ಒಂದು ಕೆಟ್ಟದ್ದೂ ಆಯಿತು. ಎಣ್ಮಕಜೆಯ ಕಡೆ ಗುಡ್ಡದ ಮೇಲೆ ಗೇರು ತೋಟ, ಕೆಳಗೆ ಮನೆ, ತೋಡು, ಸುರಂಗ. ಎರಡು ದಶಕಕ್ಕೂ ಜಾಸ್ತಿ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಮೇಲೆ ಸುರಿದದ್ದು ಕೆಳಗೆ ಬಾರದೆ ಇರುತ್ತದೆಯೇ? 2000ದಲ್ಲಿ ಸಿಂಪಡಣೆ ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ನಿಲ್ಲಿಸಿತು. ಆ ಊರುಗಳಿಗೆ ಕ್ಯಾಮರಾ ಹಿಡಿದುಕೊಂಡು ಹೋಗಬೇಡಿ ಎಂದು ಮಾತ್ರ ಕೇಳಿಕೊಳ್ಳುತ್ತೇನೆ. ಅದು ಪ್ರವಾಸದ ಜಾಗ ಅಲ್ಲ.

ಗುಡ್ಡ ಹತ್ತಬೇಕು ಎನ್ನುವವರಿಗೆ ಪೊಸಡಿ ಗುಂಪೆ ಇದೆ, ಧರ್ಮತ್ತಡ್ಕದ ಹತ್ತಿರ. ಸಾವಿರ ಅಡಿಗಿಂತ ಸ್ವಲ್ಪ ಮೇಲೆ. ಆಕಾಶ ಶುಭ್ರವಾಗಿದ್ದರೆ ಒಂದು ಕಡೆ ಕುದುರೆಮುಖದ ಸಾಲು, ಇನ್ನೊಂದು ಕಡೆ ಸಮುದ್ರ. ಪನತ್ತಡಿಯ ರಾಣಿಪುರಕ್ಕೆ ಹೋದರೆ ಶೋಲೆ ಕಾಡು, ಹುಲ್ಲುಗಾವಲು. ಉಂಬಳ ಹಿಡಿಯುತ್ತದೆ, ಉಪ್ಪು ಇಟ್ಟುಕೊಳ್ಳಿ. ಜಿಲ್ಲೆಯ ತೆಂಕು ತುದಿಯಲ್ಲಿ ವಲಿಯಪರಂಬದ ಹಿನ್ನೀರು ಇದೆ. ಚೆಂದವೇ. ಆದರೆ ಅದು ಮರಳಿನ ಲೋಕ, ನನ್ನ ಕಲ್ಲಿನ ಲೆಕ್ಕಕ್ಕೆ ಬರುವುದಿಲ್ಲ.

ನಾನು ಹೇಳುವುದು ಮಳೆಗಾಲದ ಪದವುಗಳ ಬಗ್ಗೆ, ಅಂದರೆ ಗುಡ್ಡದ ತಲೆಯ ಮೇಲಿನ ಬಯಲು. ಬೇಸಿಗೆಯಲ್ಲಿ ಚಪ್ಪಲಿ ಸುಡುವ ಪಾರೆ ಜುಲೈ, ಆಗಸ್ಟಿನಲ್ಲಿ ಗುರುತು ಸಿಗುವುದಿಲ್ಲ. ಅಂಗೈ ಅಗಲದ ಹೊಂಡಗಳಲ್ಲಿ ನೀರು. ಅದರಲ್ಲಿ ಗೊದಮೊಟ್ಟೆ. ಅಂಚಿನಲ್ಲಿ ಬಿಳಿ ಗುಂಡಿಯಂಥ ಹೂ. ಓಣಂ ಹೊತ್ತಿಗೆ ಇಡೀ ಪಾರೆಗೆ ನೀಲಿ, ಮಲಯಾಳದವರು ಕಾಕ್ಕಪೂವ್ ಎಂದು ಪೂಕಳಕ್ಕೆ ಕೊಯ್ಯುತ್ತಾರಲ್ಲ, ಅದೇ. ಆ ಪುಟ್ಟ ಗಿಡ ನೀರಿನೊಳಗಿನ ಚಿಕ್ಕ ಚೀಲಗಳಲ್ಲಿ ಹುಳ ಹಿಡಿದು ತಿನ್ನುತ್ತದೆ. ಕಲ್ಲಿನ ಮೇಲೆ ಮಣ್ಣೇ ಇಲ್ಲ, ಸಾರ ಎಲ್ಲಿಂದ ಬರಬೇಕು? ನಮ್ಮ ಪಂಚಾಯತಿನ ಕಾಗದದಲ್ಲಿ ಇಂಥ ಜಾಗ ಪಾಳು. ಅದಕ್ಕೇ ಮೊದಲು ಕಲ್ಲಿನ ಕೋರೆ ಬರುವುದೂ ಇಲ್ಲಿಗೇ. ಹಿಂದೆ ಕೊಡಲಿಯಲ್ಲಿ ಕಡಿಯುತ್ತಿದ್ದರು, ಈಗ ಮೆಷಿನ್ನು. ಕಲ್ಲು ಬೇಡ ಎನ್ನಲಿಕ್ಕೆ ನನಗೆ ಬಾಯಿಲ್ಲ, ನನ್ನ ಮನೆಯೂ ಅದರದ್ದೇ. ಆದರೆ ಗುಡ್ಡವನ್ನು ಎಷ್ಟು ಕತ್ತರಿಸಬಹುದು ಎಂಬುದಕ್ಕೆ ಲೆಕ್ಕ ಬೇಕು. 2025ರ ಮಳೆಗಾಲದಲ್ಲಿ ಚೆರುವತ್ತೂರಿನ ವೀರಮಲೆ ಗುಡ್ಡ ಹೆದ್ದಾರಿಗೆ ಜರಿದದ್ದು ನೋಡಿದಿರಲ್ಲ. ರಸ್ತೆಗೆಂದು ನೆಟ್ಟಗೆ ಕತ್ತರಿಸಿದ ಗುಡ್ಡ ಅದು.

ಹಾಗಾದರೆ ಯಾವಾಗ ಬರಬೇಕು? ಡಿಸೆಂಬರ್ ಎನ್ನುತ್ತಾರೆ ಎಲ್ಲರೂ. ನನ್ನ ಪ್ರಕಾರ ಎರಡು ಸಲ ಬರಬೇಕು. ಒಮ್ಮೆ ತುಳುವರ ಆಟಿ ಕಳೆದು ಸೋಣ ತಿಂಗಳಲ್ಲಿ, ಅಂದರೆ ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೆ, ಪಾರೆ ಹೂ ಬಿಡುವಾಗ, ಪತ್ರೊಡೆ ತಿನ್ನುವ ಹೊತ್ತಿಗೆ. ಆಗ ಸಮುದ್ರಕ್ಕೆ ಇಳಿಯುವ ಹಾಗಿಲ್ಲ, ಅದು ಖಂಡಿತ. ಇನ್ನೊಮ್ಮೆ ಬೇಸಿಗೆಯಲ್ಲಿ, ಕೋಲ ನೋಡಲಿಕ್ಕೆ. ಪತ್ತನಾಜೆ, ಅಂದರೆ ಮೇ 24ರ ಹೊತ್ತಿಗೆ ದೈವಗಳೂ ಯಕ್ಷಗಾನ ಮೇಳಗಳೂ ಗೆಜ್ಜೆ ಬಿಚ್ಚುತ್ತವೆ. ಅದಕ್ಕಿಂತ ಮುಂಚೆ ಬರಬೇಕು. ಚಂದ್ರಗಿರಿಯ ಈಚೆ ಭೂತಕೋಲ, ಆಚೆ ದಾಟಿದಂತೆ ತೆಯ್ಯಂ. ಯಕ್ಷಗಾನ ನೋಡುವ ನೆಂಟರಿಗೆ ಯಕ್ಷಗಾನ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬ ಹುಟ್ಟಿದ್ದು ಕುಂಬಳೆಯಲ್ಲಿ ಎಂದು ಹೇಳಿ. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ ಇದೆ, ಗಿಳಿವಿಂಡು ಸ್ಮಾರಕ ಇದೆ. ರೈಲಿನಲ್ಲಿ ಮಂಗಳೂರಿನಿಂದ ಬರುವವರಿಗೆ ದಾರಿಯಲ್ಲೇ ಸಿಗುತ್ತದೆ.

ಕೊನೆಗೆ ಸಭೆಯಲ್ಲಿ ಕೆಲವು ಪ್ರಶ್ನೆ ಬಂದವು. ಎರಡನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬ ಅಕ್ಕ ಕೇಳಿದರು: ಕೋಲದಲ್ಲಿ ಮೊಬೈಲ್ ಹಿಡಿಯುವ ನೆಂಟರನ್ನು ಏನು ಮಾಡುವುದು? ನಾನು ಹೇಳಿದ್ದು, ಮೊದಲೇ ಮನೆಯವರ ಹತ್ತಿರ ಅಥವಾ ಸ್ಥಾನದವರ ಹತ್ತಿರ ಕೇಳಿ. ಬೇಡ ಎಂದರೆ ಬೇಡ. ಹೌದು ಎಂದರೂ ದೈವ ನುಡಿ ಕೊಡುವಾಗ ಎದುರಿಗೆ ಹೋಗಿ ನಿಲ್ಲಬಾರದು. ಅಲ್ಲಿ ಯಾರೋ ತಮ್ಮ ಮನೆಯ ಕಷ್ಟ ಹೇಳಿಕೊಳ್ಳುತ್ತಾ ಇರುತ್ತಾರೆ. ರಾತ್ರಿಯಿಡೀ ಕೂರಲಾಗದವರು ಹಿಂದಿನ ಸಾಲಿನಲ್ಲಿ ಕೂರಲಿ, ಎದ್ದು ಹೋಗುವಾಗ ತೊಂದರೆ ಆಗುವುದಿಲ್ಲ.

ಕಾಲೇಜು ಹುಡುಗನೊಬ್ಬ ಕೇಳಿದ: ಸುರಂಗದ ಒಳಗೆ ಹೋಗಬಹುದಾ ಸರ್? ಬಾಯಿಯ ತನಕ ಹೋಗು, ಒಳಗೆ ಬೇಡ ಎಂದೆ. ಹಳೆಯ ಸುರಂಗದಲ್ಲಿ ಮಣ್ಣು ಜರಿಯುತ್ತದೆ, ಬಾವಲಿ ಇರುತ್ತದೆ, ಗಾಳಿ ಸಾಲದು. ಹೆಚ್ಚಿನವು ಖಾಸಗಿ ತೋಟದಲ್ಲಿವೆ, ಕುಡಿಯುವ ನೀರಿನವು. ಮನೆಯವರನ್ನು ಕೇಳಿದರೆ ಸಂತೋಷದಲ್ಲಿ ತೋರಿಸುತ್ತಾರೆ. ಫೆಬ್ರವರಿಯಲ್ಲೊಮ್ಮೆ, ಮೇ ತಿಂಗಳಲ್ಲೊಮ್ಮೆ ಒಂದೇ ಸುರಂಗಕ್ಕೆ ಹೋಗಿ, ಒಂದು ಕೊಡ ತುಂಬಲಿಕ್ಕೆ ಎಷ್ಟು ಹೊತ್ತು ಬೇಕು ಎಂದು ಬರೆದುಕೋ ಎಂದೆ. ಅವನ ಅಜ್ಜನ ಮನೆ ಬಾಯಾರಿನಲ್ಲಿಯಂತೆ. ಅಲ್ಲಿಂದಲೇ ಶುರು ಮಾಡುತ್ತೇನೆ ಎಂದ.